ದೊಡ್ಡವರ ಆಟ

ಕಳೆದ ತಿಂಗಳು ಒಂದು ಭಾನುವಾರ ಮೈಸೂರಿನ ನಮ್ಮ ಮಾವನವರ ಮನೆಗೆ ಊಟಕ್ಕೆಂದು ಹೋದವನು ಒಂದು ವ್ಯಾಜ್ಯಕ್ಕೆ ನ್ಯಾಯಾಧೀಶನಾಗಿ ಕೂರಬೇಕಾಯಿತು. ಫಿರ್ಯಾದಿ ನಮ್ಮ ಮಾವನವರೇ. ನಿವೃತ್ತ ಸರ್ಕಾರಿ ನೌಕರರು, ವಯಸ್ಸು 72. ಆರೋಪಿ ಅವರ ಮಗ, ಎಂದರೆ ನನ್ನ ಭಾವಮೈದುನ. ಬ್ಯಾಂಕಿನಲ್ಲಿ ಅಧಿಕಾರಿ, ವಯಸ್ಸು 38, ಎರಡು ಮಕ್ಕಳ ತಂದೆ. ಅಪರಾಧ ಇಷ್ಟು: ರಾತ್ರಿ ಊಟವಾದ ಮೇಲೆ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಆತ ವಿಡಿಯೊ ಗೇಮ್ ಆಡುತ್ತಾನೆ.

"ನೀವು ಓದಿದವರು, ಕಾಲೇಜಿನಲ್ಲಿ ಪಾಠ ಹೇಳೋರು. ನೀವೇ ಹೇಳಿ ಅಳಿಯಂದಿರೆ, ಹೆಂಡತಿ ಮಕ್ಕಳಿರೋ ಗಂಡಸು ಮಾಡೋ ಕೆಲಸವೇ ಇದು? ಆಟಕ್ಕೂ ಒಂದು ವಯಸ್ಸು ಅಂತ ಇಲ್ಲವೆ?" ಎಂದರು ಮಾವನವರು.

ಭಾವಮೈದುನ ಸುಮ್ಮನಿರಲಿಲ್ಲ. "ಭಾವ, ಬೆಳಗ್ಗೆ ಒಂಬತ್ತಕ್ಕೆ ಹೋದರೆ ಬರೋದು ರಾತ್ರಿ ಎಂಟಕ್ಕೆ. ಕುಡಿಯೋಲ್ಲ, ಸೇದೋಲ್ಲ. ನನ್ನ ಪಾಡಿಗೆ ನಾನು ಒಂದು ಗಂಟೆ ಆಡಿದರೆ ಯಾರ ಗಂಟು ಹೋಯಿತು?"

ಇಬ್ಬರೂ ನನ್ನ ಮುಖ ನೋಡಿದರು. ಹೋಳಿಗೆ ಊಟದ ಮೇಲೆ ನ್ಯಾಯ ಹೇಳುವುದು ಕಷ್ಟ. ತೀರ್ಪನ್ನು ಕಾದಿರಿಸಿದ್ದೇನೆಂದು ಹೇಳಿ, ಸಂಜೆಯ ಬಸ್ಸು ಹತ್ತಿ ಮಂಡ್ಯಕ್ಕೆ ಹಿಂದಿರುಗಿದೆ. ಆದರೆ "ಯಾರ ಗಂಟು ಹೋಯಿತು" ಎಂಬ ಮಾತು ಬಸ್ಸಿನಲ್ಲಿಯೂ ನನ್ನ ಜತೆಯಲ್ಲೇ ಕೂತು ಬಂತು. ಆತ ಅದನ್ನು ಪ್ರಶ್ನೆಯಾಗಿ ಕೇಳಿರಲಿಲ್ಲ, ಉತ್ತರವಾಗಿ ಹೇಳಿದ್ದ. ನನಗೆ ಮಾತ್ರ ಅದು ಪ್ರಶ್ನೆಯಾಗಿಯೇ ಉಳಿಯಿತು.

ಮೊದಲು ಮಾವನವರ ವಾದವನ್ನು ನೋಡೋಣ. ಆಟಕ್ಕೆ ಒಂದು ವಯಸ್ಸು ಇದೆ ಎಂಬುದು ಕೇಳಲು ಒಪ್ಪತಕ್ಕ ಮಾತಿನಂತಿದೆ. ಆದರೆ ಅದನ್ನು ಆಡುವ ಅಧಿಕಾರ ನಮ್ಮ ಮಾವನವರಿಗೆ ಇದೆಯೇ ಎಂಬುದು ಸಂದೇಹ. ನೌಕರಿಯ ದಿನಗಳಲ್ಲಿ ಅವರು ಶನಿವಾರ ಸಂಜೆ ಇಸ್ಪೀಟು ಆಡಲು ಕ್ಲಬ್ಬಿಗೆ ಹೋದರೆ ಭಾನುವಾರ ಬೆಳಗ್ಗೆ ಹಾಲಿನವನ ಜತೆಯಲ್ಲಿಯೇ ಮನೆಗೆ ಬರುತ್ತಿದ್ದರೆಂದು ಅತ್ತೆಯವರ ಬಾಯಿಂದಲೇ ಕೇಳಿದ್ದೇನೆ. ಅದನ್ನು ಅವರು ಇಂದಿಗೂ "ಕಾಲಕ್ಷೇಪ" ಎನ್ನುತ್ತಾರೆ. ಮಗ ಮಾಡುತ್ತಿರುವುದು "ಕಾಲಹರಣ". ಲೋಕದ ರೀತಿಯೇ ಇದು. ನಾವು ಆಡಿದ್ದು ಕಾಲಕ್ಷೇಪ, ನಮ್ಮ ಮಕ್ಕಳು ಆಡುವುದು ಕಾಲಹರಣ. ಆದ್ದರಿಂದ ಆಟದ ಹೊಸತನವನ್ನೇ ಅದರ ದೋಷವೆಂದು ಎಣಿಸುವುದು ನ್ಯಾಯವಲ್ಲ.

ಇನ್ನು ಭಾವಮೈದುನನ ವಾದ. ಊಟದ ನಡುವೆ ಆತ ಇನ್ನೊಂದು ಮಾತನ್ನೂ ಸೇರಿಸಿದ್ದ: ಈ ಆಟಗಳಿಂದ ಕಣ್ಣು, ಕೈ, ಬುದ್ಧಿ ಚುರುಕಾಗುತ್ತವೆ, ದಣಿವು ಆರುತ್ತದೆ, ಮಾರನೆಯ ದಿನ ಕೆಲಸ ಚೆನ್ನಾಗಿ ಸಾಗುತ್ತದೆ. ಇರಬಹುದು. ಆದರೆ ಇದು ದುರ್ಬಲವಾದ ವಾದ. ಮಾರನೆಯ ದಿನದ ಕೆಲಸ ಚೆನ್ನಾಗಿ ಸಾಗಲೆಂದು ಆಡಿದರೆ ಅದು ಆಟವಾಗುವುದಿಲ್ಲ, ಕಷಾಯವಾಗುತ್ತದೆ. ಕಷಾಯವನ್ನು ಯಾರೂ ರಾತ್ರಿ ಒಂದು ಗಂಟೆಯವರೆಗೆ ಆಸೆಪಟ್ಟು ಕುಡಿಯುವುದಿಲ್ಲ. ಆಟದ ಸುಖವಿರುವುದು ಅದರಿಂದ ಏನೂ ಆಗಬೇಕಾಗಿಲ್ಲ ಎಂಬುದರಲ್ಲಿ. ಕನ್ನಡದಲ್ಲಿ ಇದಕ್ಕೆ ಒಂದು ಚೆಲುವಾದ ಮಾತಿದೆ: "ಸುಮ್ಮನೆ." ಯಾಕೆ ಆಡುತ್ತೀಯೆ ಎಂದು ಮಗುವನ್ನು ಕೇಳಿದರೆ ಅದು ಕೊಡುವ ಉತ್ತರ ಇದೊಂದೇ.

ಸುಮ್ಮನೆ ಎಂಬುದನ್ನು ಸೋಮಾರಿತನವೆಂದು ತಿಳಿಯುವವರು ಇದ್ದಾರೆ. 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸಂಸ್ಥಾಪಕರಲ್ಲಿ ಒಬ್ಬರಾದ ನಾರಾಯಣಮೂರ್ತಿಯವರು ದೇಶದ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಹೇಳಿದ್ದು ಓದುಗರಿಗೆ ನೆನಪಿರಬಹುದು. ವಾರಕ್ಕೆ ಇರುವುದು 168 ಗಂಟೆ. ಅದರಲ್ಲಿ 70 ದುಡಿಮೆಗೆ, 56 ನಿದ್ರೆಗೆ ಹೋದರೆ ಉಳಿಯುವುದು 42. ಸ್ನಾನ, ಊಟ, ಬೆಂಗಳೂರಿನ ರಸ್ತೆ, ಸಂತೆ, ಮಕ್ಕಳ ಪಾಠ, ನೆಂಟರ ಮದುವೆ ಎಲ್ಲವೂ ಆ 42ರಲ್ಲಿಯೇ ಆಗಬೇಕು. ದೇಶ ಕಟ್ಟುವ ಮಾತು ದೊಡ್ಡದು, ಅದನ್ನು ಹಗುರವಾಗಿ ಕಾಣಲಾರೆ. ಆದರೂ ಒಂದು ಸಂದೇಹ ಉಳಿಯುತ್ತದೆ. ಆಟದಿಂದ ಏನು ಉಪಯೋಗ ಎಂದು ಕೇಳುವವರನ್ನು ನಾವೂ ಕೇಳಬಹುದಲ್ಲವೆ: ಉಪಯೋಗದಿಂದ ಏನು ಉಪಯೋಗ? ಮನೆಗಾಗಿ ಸಾಲ, ಸಾಲಕ್ಕಾಗಿ ದುಡಿಮೆ, ದುಡಿಮೆಗಾಗಿ ನಿದ್ರೆ. ಕೊನೆಗೆ ಇದೆಲ್ಲ ಯಾವುದಕ್ಕಾಗಿ? ಆ ಸರಪಣಿಯ ಕೊನೆಯಲ್ಲಿ ಎಲ್ಲಿಯೋ ಒಂದು ಕಡೆ "ಸುಮ್ಮನೆ" ಎಂಬುದು ಇರಲೇಬೇಕು. ಇಲ್ಲದಿದ್ದರೆ ಗಾಣದೆತ್ತಿನ ದಾರಿಗೂ ನಮ್ಮ ದಾರಿಗೂ ಭೇದವಿರುವುದಿಲ್ಲ.

ನಮ್ಮ ಹಿರಿಯರೂ ಆಟವನ್ನು ಕೀಳಾಗಿ ಕಂಡವರಲ್ಲ. ಸೃಷ್ಟಿ ಮಾಡಿ ದೇವರಿಗೆ ಆಗಬೇಕಾದದ್ದೇನು ಎಂಬ ಪ್ರಶ್ನೆ ಎದ್ದಾಗ ಬ್ರಹ್ಮಸೂತ್ರ ಕೊಡುವ ಉತ್ತರ, ಅದು ಲೀಲೆ ಎಂಬುದೇ. ಅಷ್ಟು ಮೇಲಕ್ಕೆ ಹೋಗುವುದು ಬೇಡ, ಮೈಸೂರಿನಲ್ಲಿಯೇ ನೋಡಬಹುದು. ಮುಮ್ಮಡಿ ಕೃಷ್ಣರಾಜ ಒಡೆಯರು 1799ರಲ್ಲಿ ಎಳೆಯ ಬಾಲಕರಾಗಿ ಪಟ್ಟಕ್ಕೆ ಬಂದರು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ಅಲ್ಲಿಂದ 1868ರಲ್ಲಿ ತೀರಿಕೊಳ್ಳುವವರೆಗೆ 37 ವರ್ಷ, ಅವರು ಪಟ್ಟವಿದ್ದೂ ರಾಜ್ಯಭಾರವಿಲ್ಲದ ದೊರೆ. ಅವರು ಸಾಹಿತ್ಯಕ್ಕೂ ಚಿತ್ರಕಲೆಗೂ ಕೊಟ್ಟ ಆಶ್ರಯ ಎಲ್ಲರಿಗೂ ತಿಳಿದದ್ದೇ. ಅದರ ಜತೆಗೆ ಅವರು ಹಾಸಿನ ಮೇಲೆ ಆಡುವ ಆಟಗಳನ್ನು ಕಲ್ಪಿಸಿದರು. ಚದುರಂಗದ ಕುದುರೆ ಒಂದೊಂದು ಮನೆಯನ್ನೂ ಒಂದೇ ಸಲ ಮುಟ್ಟಿ 64 ಮನೆಗಳನ್ನೂ ಸುತ್ತುವ ಬಂಧಗಳನ್ನು ರಚಿಸಿದರು. ಅವರ ಹೆಸರಿನಲ್ಲಿರುವ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ದೇವತೆಗಳಿಗೆ, ಗ್ರಹಗಳಿಗೆ ಸ್ಥಾನವಿರುವಂತೆಯೇ ಕೊನೆಯದಾದ ಕೌತುಕನಿಧಿಯಲ್ಲಿ ಆಟಗಳಿಗೂ ಸ್ಥಾನವಿದೆ. ಪಾಪ, ಕೆಲಸ ಕಳೆದುಕೊಂಡ ದೊರೆ ಹೊತ್ತು ಕಳೆದರು ಎಂದು ಮರುಗುವವರು ಮರುಗಬಹುದು. ಆದರೆ ಆಟವನ್ನು ಅವರು ಆಡಿದಷ್ಟು ಗಂಭೀರವಾಗಿ ಆಡಳಿತವನ್ನು ನಡೆಸಿದವರು ಎಷ್ಟು ಮಂದಿ?

ಇನ್ನೊಂದು ಕಥೆ ದೂರದ ಮಾಸ್ಕೋದ್ದು. 1984ರಲ್ಲಿ ಅಲ್ಲಿಯ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿ ಅಲೆಕ್ಸಿ ಪಾಜಿತ್ನೊವ್ ಎಂಬಾತ ನೌಕರನಾಗಿದ್ದ. ಎಲೆಕ್ಟ್ರೊನಿಕಾ 60 ಎಂಬ ಯಂತ್ರ ಅವನ ಮುಂದಿತ್ತು. ಚಿತ್ರ ಬರೆಯುವ ಶಕ್ತಿ ಅದಕ್ಕಿರಲಿಲ್ಲ. ಅಕ್ಷರಗಳನ್ನು ಮಾತ್ರ ತೋರಿಸಬಲ್ಲುದಾಗಿತ್ತು. ಆತ ಕಂಸದ ಗುರುತುಗಳನ್ನೇ ಇಟ್ಟಿಗೆಗಳಂತೆ ಜೋಡಿಸಿ, ಮೇಲಿನಿಂದ ಬೀಳುವ ತುಂಡುಗಳನ್ನು ಕೆಳಗೆ ಸಾಲಾಗಿ ಕೂರಿಸುವ ಒಂದು ಆಟ ಮಾಡಿದ. ಅದೇ ಇಂದು ಜಗತ್ತೆಲ್ಲ ಬಲ್ಲ ಟೆಟ್ರಿಸ್. ಅದನ್ನು ಮಾಡಿದವನು ಸಂಬಳ ತೆಗೆದುಕೊಳ್ಳುವ ಬೆಳೆದ ಮನುಷ್ಯ. ಮಾಡಿದ್ದು ಸರ್ಕಾರದ ಯಂತ್ರದಲ್ಲಿ. ಮೊದಲು ಆಡಿದವರು ಕೈಕೆಳಗೆ ಬೇರೆ ಕೆಲಸವಿದ್ದ ಅವನ ಸಹೋದ್ಯೋಗಿಗಳು. ವಿಡಿಯೊ ಗೇಮ್ ಎಂಬುದು ಹುಡುಗರ ಹಾವಳಿ ಎನ್ನುವವರು ಇದನ್ನು ನೆನೆಯಬೇಕು.

ಆದ್ದರಿಂದ ಮೊದಲನೆಯ ವಿವಾದಾಂಶದಲ್ಲಿ ಮಾವನವರು ಸೋತರು. ದುಡಿಯುವ ಗಂಡಸಾಗಲಿ ಹೆಂಗಸಾಗಲಿ ಆಡುವುದು ತಪ್ಪಲ್ಲ. ಅದಕ್ಕೆ ನೆಪವೂ ಬೇಕಾಗಿಲ್ಲ.

ಹಾಗಾದರೆ ಭಾವಮೈದುನ ಗೆದ್ದನೆ? ಇಷ್ಟು ಬೇಗ ಅಲ್ಲ. ಆಟವಿದ್ದಲ್ಲಿ ಪಣವಿರುತ್ತದೆ. ದುಡ್ಡಿನ ಪಣದ ಮಾತನ್ನು ಇಲ್ಲಿ ಬಿಟ್ಟುಬಿಡೋಣ. ಹಣ ಹೂಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ 2025ರ ಆಗಸ್ಟಿನಲ್ಲಿ ಸಂಸತ್ತು ಕಾಯಿದೆಯನ್ನೇ ಮಾಡಿದೆ. ನನ್ನ ಭಾವಮೈದುನ ದುಡ್ಡು ಕಟ್ಟಿ ಆಡುವವನಲ್ಲ. ಆತ ಕಟ್ಟುವುದು ಹೊತ್ತನ್ನು. ಹೊತ್ತು ದುಡ್ಡಿಗಿಂತ ಅಗ್ಗವೆಂದು ನಮಗೆ ತೋರುತ್ತದೆ, ಏಕೆಂದರೆ ಅದನ್ನು ಎಣಿಸಿ ಕೊಡುವ ಕಷ್ಟವಿಲ್ಲ. ಕೈ ಬಿಟ್ಟರೆ ತಾನೇ ಸೋರುತ್ತದೆ.

ಪಣವೆಂದರೆ ಧರ್ಮರಾಯನ ನೆನಪು ಬಾರದೆ ಇರದು. ಜೂಜು ಕೆಟ್ಟದ್ದು ಎಂಬುದಕ್ಕೆ ಆ ಕಥೆಯನ್ನು ಹೇಳುತ್ತೇವೆ. ತರಗತಿಯಲ್ಲಿ ಅದನ್ನು ಮತ್ತೆ ಮತ್ತೆ ಪಾಠ ಮಾಡಿದ ನನಗೆ ಅದರ ತಿರುಳು ಬೇರೆಯೆಂದು ತೋರುತ್ತದೆ. ಧರ್ಮರಾಯ ತನ್ನ ಐಶ್ವರ್ಯವನ್ನು ಸೋತಾಗ ಸಭೆ ನೋಡುತ್ತ ಕೂತಿತ್ತು. ತಮ್ಮಂದಿರನ್ನು ಸೋತ, ತನ್ನನ್ನು ಸೋತ, ಆಮೇಲೆ ದ್ರೌಪದಿಯನ್ನು ಒಡ್ಡಿದ. ಆಕೆ ಕೇಳಿದ್ದು ಆಟ ಸರಿಯೆ ತಪ್ಪೆ ಎಂದಲ್ಲ. ಮೊದಲು ತನ್ನನ್ನು ಸೋತನೋ ನನ್ನನ್ನು ಸೋತನೋ ಎಂದು. ತನ್ನನ್ನೇ ಕಳೆದುಕೊಂಡವನಿಗೆ ಇನ್ನೊಬ್ಬರನ್ನು ಒಡ್ಡುವ ಹಕ್ಕು ಎಲ್ಲಿಂದ ಬಂತು ಎಂದು. ಆ ಸಭೆಯಲ್ಲಿದ್ದ ಹಿರಿಯರಿಗೆ ಇದಕ್ಕೆ ಉತ್ತರ ಹೇಳಲಾಗಲಿಲ್ಲ. ಮೊಬೈಲು ಹಿಡಿದು ಕೂತ ನಮಗೂ ಆ ಪ್ರಶ್ನೆ ಎರಡು ಭಾಗವಾಗಿ ತಗಲುತ್ತದೆ. ಆಡುವಾಗ ನಾನು ನನ್ನ ಕೈಯಲ್ಲಿದ್ದೇನೆಯೆ? ನಾನು ಒಡ್ಡುತ್ತಿರುವ ಹೊತ್ತು ನನ್ನದೆಯೆ?

ಮೊದಲನೆಯ ಭಾಗ. ನಮ್ಮ ಹಳೆಯ ಆಟಗಳಿಗೆ ಕೊನೆ ಎಂಬುದಿತ್ತು. ಚೌಕಾಬಾರದಲ್ಲಿ ಕಾಯಿಗಳೆಲ್ಲ ಹಣ್ಣಾದರೆ ಆಟ ಮುಗಿಯಿತು. ಹಾಸನ್ನು ಸುತ್ತಿಟ್ಟು ಏಳಬೇಕು. ತುಳುನಾಡಿನಲ್ಲಿ ಚೆನ್ನೆಮಣೆಯನ್ನು ಆಟಿ ತಿಂಗಳ ಮಳೆಯಲ್ಲಿ, ಹೊಲದ ಕೆಲಸ ಕಡಿಮೆಯಾದಾಗ ಆಡಿ, ತಿಂಗಳು ಕಳೆದ ಮೇಲೆ ಅಟ್ಟಕ್ಕೇರಿಸುವ ರೂಢಿಯಿತ್ತು. ಆಡುವ ಆಸೆಯನ್ನು ತಡೆಯುವ ಭಾರ ಮನುಷ್ಯನೊಬ್ಬನ ಮೇಲೆಯೇ ಬೀಳದಂತೆ ಋತುವೂ ರೂಢಿಯೂ ಕೈಹಿಡಿಯುತ್ತಿದ್ದವು. ಇಂದಿನ ಆಟಗಳ ಮಾತು ಬೇರೆ. ಟೆಟ್ರಿಸ್ಸಿನಲ್ಲಿ ಗೆಲುವೆಂಬುದೇ ಇಲ್ಲ; ಇಟ್ಟಿಗೆಗಳು ಬೇಗ ಬೇಗ ಬೀಳುತ್ತ ನಾವು ಸೋಲುವವರೆಗೆ ಆಟ ನಡೆಯುತ್ತದೆ. 1989ರಲ್ಲಿ ನಿಂಟೆಂಡೊ ಕಂಪನಿ ಹೊರತಂದ ಅದರ ಒಂದು ಆವೃತ್ತಿಯನ್ನು ಯಂತ್ರವೇ ಸ್ತಬ್ಧವಾಗಿ ನಿಲ್ಲುವವರೆಗೆ ಆಡಿದ ಮೊದಲ ಮನುಷ್ಯ ಅಮೆರಿಕದ 13 ವರ್ಷದ ಒಬ್ಬ ಹುಡುಗ. ಅದು 2023ರ ಡಿಸೆಂಬರಿನಲ್ಲಿ, ಎಂದರೆ 34 ವರ್ಷದ ಮೇಲೆ. 2012ರಲ್ಲಿ ಬಂದ ಕ್ಯಾಂಡಿ ಕ್ರಷ್‌ನ ಉಪಾಯ ಇನ್ನೂ ನಯವಾದದ್ದು. ಐದು ಜೀವ ಕೊಡುತ್ತಾರೆ. ಅವು ಮುಗಿದರೆ ಒಂದೊಂದು ಜೀವಕ್ಕೂ ಅರ್ಧ ಗಂಟೆ ಕಾಯಬೇಕು, ಇಲ್ಲವೆ ದುಡ್ಡು ತೆರಬೇಕು. ನೋಡಲು ಇದು ವಿರಾಮದಂತೆ ಕಾಣುತ್ತದೆ. ನಿಜವಾಗಿ ಅದು ವಿರಾಮವಲ್ಲ, ಗಾಳ. ಆ ಅರ್ಧ ಗಂಟೆ ನಾವು ಮಾಡುವ ಬೇರೆ ಕೆಲಸದಲ್ಲಿಯೂ ಮನಸ್ಸು ಅಲ್ಲಿಯೇ ಕಾದು ಕೂತಿರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ ಹನ್ನೊಂದನೆಯ ಪರಿಷ್ಕರಣದಲ್ಲಿ ಆಟದ ಗೀಳಿಗೂ ಒಂದು ಹೆಸರು ಸೇರಿದೆ. 2019ರಲ್ಲಿ ಅಂಗೀಕಾರವಾದ ಆ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಲ್ಲಿಯೇ ಇಂಥವರಿಗಾಗಿ ಒಂದು ಚಿಕಿತ್ಸಾಲಯ ತೆರೆಯಿತು. ವೈದ್ಯರು ನೋಡುವ ಲಕ್ಷಣಗಳು ಮುಖ್ಯವಾಗಿ ಮೂರು: ಆಟ ಹಿಡಿತಕ್ಕೆ ಸಿಕ್ಕದಿರುವುದು, ಉಳಿದ ಎಲ್ಲಕ್ಕಿಂತ ಅದೇ ಮುಂದಾಗುವುದು, ಕೆಡುಕಾಗುತ್ತಿದೆಯೆಂದು ಕಂಡರೂ ಬಿಡದಿರುವುದು, ಇವು ಸಾಮಾನ್ಯವಾಗಿ ವರ್ಷದ ಮಟ್ಟಿಗಾದರೂ ಇರಬೇಕು. ನಮ್ಮಲ್ಲಿ ಹೆಚ್ಚಿನವರು ರೋಗಿಗಳಲ್ಲ. ಆದರೆ ಈ ಮೂರು ಲಕ್ಷಣಗಳು ಆರೋಗ್ಯವಂತರಿಗೂ ಕನ್ನಡಿಯಾಗಬಲ್ಲವು.

ಆ ಕನ್ನಡಿಯಲ್ಲಿ ನಾನೂ ಒಂದು ಸಲ ನನ್ನ ಮುಖ ನೋಡಿಕೊಂಡಿದ್ದೇನೆ. ಹೇಳಲು ಸಂಕೋಚವಾಗುತ್ತದೆ, ನ್ಯಾಯ ಹೇಳುವವನು ತನ್ನ ಕಡತವನ್ನೂ ತೆರೆದಿಡಬೇಕಾದ್ದರಿಂದ ಹೇಳುತ್ತೇನೆ. ಎರಡು ವರ್ಷದ ಹಿಂದೆ ಆಂತರಿಕ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದಿ ಬೇಸತ್ತು, ಮೊಬೈಲಿನಲ್ಲಿ ಇಟ್ಟಿಗೆ ಬೀಳುವ ಆ ಆಟವನ್ನೇ ಹಾಕಿಕೊಂಡೆ. ಹತ್ತು ಪತ್ರಿಕೆಗೆ ಒಂದಾಟ ಎಂದು ಲೆಕ್ಕವಿಟ್ಟದ್ದು ವಾರ ಕಳೆಯುವುದರಲ್ಲಿ ಒಂದು ಪತ್ರಿಕೆಗೆ ಹತ್ತಾಟ ಎಂದಾಯಿತು. ಒಂದು ಸಂಜೆ ಆಟ ಬಹಳ ಚೆನ್ನಾಗಿ ಸಾಗುತ್ತಿದ್ದಾಗ ಅರಕಲಗೂಡಿನ ಕಡೆಯ ನಮ್ಮ ಹಳ್ಳಿಯಿಂದ ಅಮ್ಮ ಫೋನು ಮಾಡಿದಳು. "ಪೇಪರ್ ನೋಡ್ತಿದ್ದೀನಮ್ಮ, ನಾಳೆ ಮಾಡ್ತೀನಿ" ಎಂದು ಇಟ್ಟುಬಿಟ್ಟೆ.

ಮಾರನೆಯ ದಿನ ನಾನೇ ಫೋನು ಮಾಡಿ ಏನಮ್ಮ ವಿಷಯ ಎಂದು ಕೇಳಿದೆ. "ಏನಿಲ್ಲ ಕಣಪ್ಪ, ಸುಮ್ಮನೆ ಮಾಡಿದ್ದೆ" ಎಂದಳು.

ಸುಮ್ಮನೆ! ಆಟದ ಪರವಾಗಿ ನಾನು ಇಷ್ಟು ಹೊತ್ತು ಹೊಗಳಿದ ಮಾತೇ ಅದು. ಅವಳಿಗೆ ಹೇಳಬೇಕಾದ ವಿಷಯವೇನೂ ಇರಲಿಲ್ಲ. ಮಗನ ಜತೆ ನಾಲ್ಕು ಮಾತು ಆಡಬೇಕೆನ್ನಿಸಿತ್ತು. ಮಾತನ್ನೂ ಆಡುತ್ತೇವೆ ತಾನೆ? ಅದೂ ಆಟವೇ. ಆಕೆ ಒಂದು ಆಟಕ್ಕೆ ಕರೆದಾಗ ನಾನು ಇನ್ನೊಂದು ಆಟದಲ್ಲಿದ್ದೆ. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ; ಎರಡು ಸುಖಗಳಲ್ಲಿ ಒಂದನ್ನು ಆರಿಸಿಕೊಂಡೆ ಎನ್ನಬಹುದಾಗಿತ್ತು. ಆದರೆ ನಾನು ಸುಳ್ಳು ಹೇಳಿದ್ದೆ. ಆಡುತ್ತಿದ್ದೇನೆ ಎನ್ನಲು ನಾಚಿ, ಕೆಲಸ ಎಂದೆ. ನನ್ನ ಹಿಡಿತ ತಪ್ಪಿತ್ತೆಂಬುದಕ್ಕೆ ಆ ಸುಳ್ಳಿಗಿಂತ ಬೇರೆ ಸಾಕ್ಷಿ ಬೇಕಾಗಿರಲಿಲ್ಲ. ತನ್ನ ಹೆಸರಿನಲ್ಲಿಯೇ ಹೇಳಿಕೊಳ್ಳಲಾಗದ ಆಟವನ್ನು ನಾವು ಆಡುತ್ತಿರುವುದಿಲ್ಲ. ಅದು ನಮ್ಮನ್ನು ಆಡಿಸುತ್ತಿರುತ್ತದೆ.

ಇನ್ನು ಎರಡನೆಯ ಭಾಗ: ಹೊತ್ತು ಯಾರದು? ಮೈಸೂರಿನ ಆ ನ್ಯಾಯಸ್ಥಾನದಲ್ಲಿ ಫಿರ್ಯಾದಿ ಇದ್ದರು, ಆರೋಪಿ ಇದ್ದ. ಮುಖ್ಯ ಸಾಕ್ಷಿಯನ್ನು ಮಾತ್ರ ಯಾರೂ ಕರೆಯಲಿಲ್ಲ. ಆಕೆ ನನ್ನ ಭಾವಮೈದುನನ ಹೆಂಡತಿ. ಒಂದು ಶಾಲೆಯಲ್ಲಿ ಉಪಾಧ್ಯಾಯಿನಿ. ನಾವು ಮೂವರೂ ನಡುಮನೆಯಲ್ಲಿ ಕೂತು ಆಟದ ತತ್ತ್ವವಿಚಾರ ಮಾಡುತ್ತಿದ್ದಾಗ ಅಡಿಗೆಮನೆಯಲ್ಲಿ ಪಾತ್ರೆಗಳ ಸದ್ದು ನಿಂತಿರಲಿಲ್ಲ. ಹೊರಡುವಾಗ ನೀರು ಕುಡಿಯಲು ಒಳಗೆ ಹೋದವನು, "ನೀನೇನಮ್ಮ ಹೇಳುತ್ತೀಯೆ?" ಎಂದು ಕೇಳಿದೆ. ಆಕೆ ದೋಸೆಗೆ ಅಕ್ಕಿ ನೆನೆಹಾಕುತ್ತಿದ್ದಳು.

"ಅವರು ಆಡಿಕೊಳ್ಳಲಿ ಅಣ್ಣ, ನನಗೇನೂ ಬೇಜಾರಿಲ್ಲ. ನನಗೂ ಯಾರಾದರೂ ದಿನಕ್ಕೆ ಒಂದು ಗಂಟೆ ಕೊಟ್ಟಿದ್ದರೆ ನಾನು ಏನು ಆಡ್ತಿದ್ದೆ ಅಂತ ನನಗೆ ಗೊತ್ತೇ ಇಲ್ಲ, ನೋಡಿ" ಎಂದು ನಕ್ಕಳು.

ನಗುತ್ತ ಆಡಿದ ಮಾತು. ಆದರೆ "ಯಾರ ಗಂಟು ಹೋಯಿತು" ಎಂಬುದಕ್ಕೆ ಉತ್ತರ ಅಲ್ಲಿಯೇ ಇತ್ತು. ನಮ್ಮ ದೇಶದಲ್ಲಿ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು 2019ರಲ್ಲಿ ಸರ್ಕಾರ ಒಂದು ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಆಗ ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಅದನ್ನು ಮಾಡುವ ಗಂಡಸರು ಕೊಡುತ್ತಿದ್ದುದು 97 ನಿಮಿಷ. ಮಾಡುವವರ ಲೆಕ್ಕವೇ ಇದು. ಮಾಡದ ಗಂಡಸರನ್ನು ಇಲ್ಲಿ ಎಣಿಸಿಯೇ ಇಲ್ಲ. ನಡುವೆ ಉಳಿಯುವುದು 202 ನಿಮಿಷ. ನಮ್ಮ ವಿರಾಮ ಆಕಾಶದಿಂದ ಉದುರಿದ್ದಲ್ಲ. ನನ್ನ ಭಾವಮೈದುನನ ಆ ಒಂದು ಗಂಟೆ ಈ 202ರಲ್ಲಿ ಸೇರಿದೆ. ಆತ ಕಳ್ಳನಲ್ಲ, ಆತ ಅದನ್ನು ಕದ್ದದ್ದೂ ಅಲ್ಲ. ಯಾರೋ ತುಂಬಿಟ್ಟ ಕೊಡದಿಂದ ಮೊಗೆದುಕೊಂಡು, ಇದು ನನ್ನ ಬಾವಿಯ ನೀರು ಎಂದು ನಂಬಿದ್ದಾನೆ. ಮಾವನವರ ಶನಿವಾರದ ಇಸ್ಪೀಟೂ ಅತ್ತೆಯವರ ಕೊಡದ ನೀರೇ. ನಾನು ಈ ಪ್ರಬಂಧ ಬರೆಯುತ್ತಿರುವ ಹೊತ್ತಿನಲ್ಲಿ ನಮ್ಮ ಮನೆಯ ಅಡಿಗೆಮನೆಯಲ್ಲಿ ಯಾರಿದ್ದಾರೆಂಬುದನ್ನೂ ಓದುಗರು ಊಹಿಸಬಹುದು.

ಇಷ್ಟೆಲ್ಲ ಯೋಚಿಸಿ, ವಾರ ಕಳೆದ ಮೇಲೆ ಫೋನಿನಲ್ಲಿ ತೀರ್ಪು ಕೊಟ್ಟೆ. ಬೆಳೆದವರು ಆಡಬಹುದು. ಯಾಕೆ ಎಂದು ಯಾರಾದರೂ ಕೇಳಿದರೆ ಬುದ್ಧಿ ಚುರುಕಾಗುತ್ತದೆ ಎಂಬ ನೆಪ ಹೇಳಬಾರದು, ಸುಮ್ಮನೆ ಎನ್ನಬೇಕು. ಆಟ ತಾನಾಗಿ ಮುಗಿಯದಿದ್ದರೆ ಮುಗಿಸುವ ಗಳಿಗೆಯನ್ನು ಆರಂಭಿಸುವ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಇನ್ನು ಒಡ್ಡುವ ಹೊತ್ತು ತನ್ನದಾಗಿರಬೇಕು. ಮನೆಯಲ್ಲಿ ಇನ್ನೊಬ್ಬರಿಗೆ ಅಷ್ಟೇ ಹೊತ್ತು ಬಿಡುವಾಗದಿದ್ದರೆ ಅದು ತನ್ನದಲ್ಲ. ಈ ಮೂರನೆಯ ಷರತ್ತನ್ನು ಕೇಳಿ ಮಾವನವರು ಮಗನಿಗಿಂತ ಹೆಚ್ಚು ಹೊತ್ತು ಸುಮ್ಮನಿದ್ದರು.

ಈಗ ವಾರಕ್ಕೆ ಮೂರು ರಾತ್ರಿ ಭಾವಮೈದುನ ಅಡಿಗೆಮನೆ ಕಟ್ಟೆ ಒರೆಸಿ, ಮಕ್ಕಳನ್ನು ಮಲಗಿಸಿ, ಆಮೇಲೆ ಆಡಲು ಕೂರುತ್ತಾನಂತೆ. ಎಷ್ಟು ದಿನ ನಡೆಯುತ್ತದೋ ನೋಡಬೇಕು. ಆ ಹೊತ್ತಿನಲ್ಲಿ ಆತನ ಹೆಂಡತಿ ಏನು ಮಾಡುತ್ತಾಳೆಂದು ನಾನು ಕೇಳಲಿಲ್ಲ. ಅದನ್ನು ಕೇಳುವುದು ಸರಿಯೂ ಅಲ್ಲ.

ನನ್ನ ಮೊಬೈಲಿನಲ್ಲಿ ಆ ಆಟ ಇನ್ನೂ ಇದೆ. ಮೊನ್ನೆ ಆಡುತ್ತಿದ್ದಾಗ ಅಮ್ಮನ ಫೋನು ಬಂತು. ಇಟ್ಟಿಗೆಗಳು ಬೀಳುವಷ್ಟು ಬೀಳಲೆಂದು ಬಿಟ್ಟು ಫೋನು ತೆಗೆದುಕೊಂಡೆ.

"ಕೆಲಸದಲ್ಲಿದ್ಯಾ?" ಎಂದಳು.

"ಇಲ್ಲಮ್ಮ, ಆಟ ಆಡ್ತಿದ್ದೆ."

"ಗೆದ್ಯಾ?"

"ಅದರಲ್ಲಿ ಗೆಲ್ಲೋದು ಅಂತ ಇಲ್ಲಮ್ಮ."

"ಮತ್ಯಾಕಪ್ಪ ಆಡ್ತೀಯ?"

"ಸುಮ್ಮನೆ" ಎಂದೆ. ಅಮ್ಮನಿಗೆ ಅದು ಸಮಂಜಸವಾದ ಉತ್ತರವಾಗಿಯೇ ತೋರಿತು. ಹಿತ್ತಿಲ ಹಲಸಿನ ಮರ ಈ ಸಲ ಕಾಯಿ ಬಿಡಲಿಲ್ಲವೆಂಬ ವಿಷಯಕ್ಕೆ ಬಂದಳು.